ಸೌರಕೋಶದ ತವರು ಮತ್ತು ಅದರ ಕಾರ್ಖಾನೆ

(ಸಿಡ್ನಿ ಹಾಗೂ ಮೆಲ್ಬರ್ನಿನ ಕನ್ನಡ ಗೆಳೆಯರ ಎರಡು ಸಭೆಗಳಲ್ಲಿ ಆಡಿದ ಮಾತುಗಳನ್ನು ಒಟ್ಟುಗೂಡಿಸಿದ ಬರಹರೂಪ)

ಸಿಡ್ನಿಯ ಪಶ್ಚಿಮದಲ್ಲಿ ಧರುಗ್ ಜನರ ನೆಲದ ಮೇಲೆ, ಮೆಲ್ಬರ್ನಿನಲ್ಲಿ ವುರುಂಜೆರಿ ಜನರ ನೆಲದ ಮೇಲೆ ನಾವು ಸೇರಿದ್ದೇವೆ. ಈ ಬಿಸಿಲನ್ನು ನಮಗಿಂತ ಸಾವಿರಾರು ವರ್ಷ ಮೊದಲೇ ಬಲ್ಲ ಆ ಸಮುದಾಯಗಳಿಗೆ ನನ್ನ ಗೌರವಗಳು.

ಇಂದಿನ ವಿಷಯ ಸೌರಕೋಶ. ನಮ್ಮಲ್ಲಿ ಬಹುಪಾಲು ಜನ ಅದನ್ನು ಒಟ್ಟಾಗಿ 'ಸೋಲಾರ್' ಎಂದು ಕರೆದು, ಚಾವಣಿಯ ಮೇಲೆ ಹಾಕಿಸಿ, ಮೂರು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲು ನೋಡಿ ಸಮಾಧಾನಪಟ್ಟು ಮರೆತುಬಿಡುತ್ತೇವೆ. ಆ ನೀಲಿ-ಕಪ್ಪು ಹಲಗೆ ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ತಯಾರಾಯಿತು, ಅದರಿಂದ ಯಾರು ಬದುಕುತ್ತಿದ್ದಾರೆ ಎಂದು ಕೇಳುವುದಿಲ್ಲ. ಕೇಳಬೇಕಾದ ಕಾಲ ಈಗ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ನಾವು ಬಂದು ನೆಲೆಸಿದ ದೇಶ, ನಾವು ಬಿಟ್ಟುಬಂದ ದೇಶ, ಎರಡೂ ಇಂದು ತೆರಿಗೆಯ ಹಣ ಸುರಿದು 'ರಾಷ್ಟ್ರೀಯ' ಸೌರಕೋಶ ಉದ್ಯಮ ಕಟ್ಟಲು ಹೊರಟಿವೆ.

2024ರ ಮಾರ್ಚ್ 28ರಂದು ಪ್ರಧಾನಿ ಆಂಥನಿ ಆಲ್ಬನೀಸಿಯವರು ಹಂಟರ್ ಕಣಿವೆಯ ಲಿಡೆಲ್‌ಗೆ ಹೋದರು. ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದರ ಹಿಂದಿನ ವರ್ಷವಷ್ಟೇ ಮುಚ್ಚಿತ್ತು. ಆ ಆವರಣದಲ್ಲಿ ನಿಂತು ಅವರು 'ಸೋಲಾರ್ ಸನ್‌ಶಾಟ್' ಎಂಬ 100 ಕೋಟಿ ಡಾಲರಿನ ಯೋಜನೆಯನ್ನು ಘೋಷಿಸಿದರು. ಅಂದು ಅವರು ಮುಂದಿಟ್ಟ ಎರಡು ಅಂಕಿಗಳು ನೆನಪಿಡತಕ್ಕವು. ಆಸ್ಟ್ರೇಲಿಯದ ಪ್ರತಿ ಮೂರು ಮನೆಗಳಲ್ಲಿ ಒಂದರ ಮೇಲೆ ಸೌರಫಲಕ ಇದೆ. ಪ್ರಪಂಚದ ಬೇರಾವ ದೇಶದಲ್ಲೂ ಈ ಪ್ರಮಾಣ ಇಲ್ಲ. ಆದರೆ ಆ ಫಲಕಗಳಲ್ಲಿ ಈ ದೇಶದೊಳಗೆ ತಯಾರಾದವು ನೂರಕ್ಕೆ ಒಂದು.

ಎರಡನೆಯ ಅಂಕಿ ನಾಚಿಕೆ ಹುಟ್ಟಿಸುವುದು ಮೂರನೆಯ ಒಂದು ಸಂಗತಿಯಿಂದ. ಕಳೆದ ಹತ್ತು ವರ್ಷಗಳಲ್ಲಿ ಪ್ರಪಂಚದಲ್ಲಿ ಮಾರಾಟವಾದ ಫಲಕಗಳ ಪೈಕಿ ಅತಿ ದೊಡ್ಡ ಪಾಲಿನ ಒಳಗಿರುವ ಕೋಶದ ರಚನೆ ಹುಟ್ಟಿದ್ದು ಸಿಡ್ನಿಯ ಕೆನ್ಸಿಂಗ್ಟನ್ನಿನಲ್ಲಿ, ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಅರಿವು ಇಲ್ಲಿಯದು, ಬಿಸಿಲು ಇಲ್ಲಿಯದು, ಕೊಳ್ಳುವವರೂ ಇಲ್ಲಿಯವರು. ಕಾರ್ಖಾನೆ ಮಾತ್ರ ಇಲ್ಲಿಲ್ಲ. ಇದು ಹೇಗಾಯಿತು ಎಂಬುದನ್ನು ಕೊಂಚ ವಿವರವಾಗಿ ನೋಡೋಣ.

ಮೊದಲಿಗೆ ಒಂದು ಗೊಂದಲ ನಿವಾರಿಸಿಕೊಳ್ಳಬೇಕು. ಫಲಕ ಜೋಡಿಸುವುದು ಬೇರೆ, ಕೋಶ ತಯಾರಿಸುವುದು ಬೇರೆ. ಬೆಣಚು ಕಲ್ಲನ್ನು ಇದ್ದಿಲಿನೊಂದಿಗೆ ಕುಲುಮೆಯಲ್ಲಿ ಕಾಯಿಸಿದರೆ ಸಿಲಿಕಾನ್ ಸಿಗುತ್ತದೆ. ಅದನ್ನು ರಾಸಾಯನಿಕವಾಗಿ ಶುದ್ಧಿಗೊಳಿಸಿದರೆ ಪಾಲಿಸಿಲಿಕಾನ್. ಅದನ್ನು ಮತ್ತೆ ಕರಗಿಸಿ ದಿಂಡಾಗಿ ಎಳೆದು, ವಜ್ರದ ಪುಡಿ ಮೆತ್ತಿದ ತಂತಿಯಿಂದ ಕೊಯ್ದರೆ ತಲೆಗೂದಲಿನ ಎರಡರಷ್ಟು ದಪ್ಪದ ಬಿಲ್ಲೆಗಳಾಗುತ್ತವೆ. ಆ ಬಿಲ್ಲೆಗೆ ರಂಜಕವೇ ಮೊದಲಾದ ಬೆರಕೆಗಳನ್ನು ಅಣುಲೆಕ್ಕದಲ್ಲಿ ಇಳಿಸಿ, ಬೆಳಕನ್ನು ಹಿಡಿದಿಡುವ ತೆಳು ಲೇಪನ ಕೊಟ್ಟು, ಮೇಲೆ ಬೆಳ್ಳಿಯ ಗೆರೆಗಳನ್ನು ಅಚ್ಚೊತ್ತಿದಾಗ ಅದು ಕೋಶ. ಇಂಥ ಹತ್ತಾರು ಕೋಶಗಳನ್ನು ತಂತಿಯಿಂದ ಬೆಸೆದು, ಗಾಜಿನ ಹಿಂದೆ ಕೂರಿಸಿ, ಅಲ್ಯೂಮಿನಿಯಂ ಚೌಕಟ್ಟು ಹಾಕಿದರೆ ಫಲಕ. ಕೊನೆಯ ಹಂತಕ್ಕೆ ಬೇಕಾದ ಬಂಡವಾಳ ಕಡಿಮೆ, ವಿದ್ಯೆಯೂ ಕಡಿಮೆ. ಹಾಗಾಗಿ 'ಸ್ವದೇಶಿ ಸೋಲಾರ್' ಎಂಬ ಹಲಗೆ ಹೊತ್ತ ಕಾರ್ಖಾನೆಗಳಲ್ಲಿ ಎಷ್ಟೋ ಈ ಕೊನೆಯ ಹಂತದವು. ಅಡಿಲೇಡಿನ ಟಿಂಡೊ ಕೂಡ ಕೋಶಗಳನ್ನು ಹೊರಗಿನಿಂದ ತರಿಸಿ ಫಲಕ ಕಟ್ಟುತ್ತದೆ. (ಟಿಂಡೊ ಎಂದರೆ ಅಲ್ಲಿನ ಮೂಲನಿವಾಸಿಗಳ ಕೌರ್ನ ಭಾಷೆಯಲ್ಲಿ ಸೂರ್ಯ, ಹೆಸರಾದರೂ ನೆಲದ್ದು ಎಂಬುದು ನನಗೆ ಪ್ರಿಯವಾದ ವಿಚಾರ.) ನಾನು ಅದನ್ನು ಹೀಯಾಳಿಸುತ್ತಿಲ್ಲ. ಉದ್ಯಮದ ತಿರುಳು ಕೋಶದಲ್ಲಿದೆ ಎಂಬುದನ್ನಷ್ಟೇ ಗುರುತಿಸುತ್ತಿದ್ದೇನೆ.

ಮಾರ್ಟಿನ್ ಗ್ರೀನ್ 1974ರಲ್ಲಿ ಆ ವಿಶ್ವವಿದ್ಯಾಲಯ ಸೇರಿದಾಗ ಸೌರಕೋಶ ಉಪಗ್ರಹಗಳ ಸರಕು. ಭೂಮಿಯ ಮೇಲೆ ಅದಕ್ಕೆ ಗಿರಾಕಿಯೇ ಇರಲಿಲ್ಲ ಎನ್ನಬಹುದು. ಆದರೆ ಆಸ್ಟ್ರೇಲಿಯದಲ್ಲಿ ಒಬ್ಬ ಅಪೂರ್ವ ಗಿರಾಕಿ ಇದ್ದ. ಮೆಲ್ಬರ್ನಿನಲ್ಲಿ ಕೇಂದ್ರ ಕಚೇರಿ ಇದ್ದ, ಆಗಿನ್ನೂ ಸಂಪೂರ್ಣವಾಗಿ ಸರ್ಕಾರದ ಸ್ವತ್ತಾಗಿದ್ದ ಟೆಲಿಕಾಂ ಆಸ್ಟ್ರೇಲಿಯ ಆ ಗಿರಾಕಿ. ಕಾನೂನಿನ ಪ್ರಕಾರ ಅದು ಮರುಭೂಮಿಯ ಒಂಟಿ ಮನೆಗೂ ದೂರವಾಣಿ ಒದಗಿಸಬೇಕಿತ್ತು. ಡೀಸೆಲ್ ಹೊತ್ತೊಯ್ಯುವ ಖರ್ಚು ವಿಪರೀತವಾಗಿತ್ತು. ಅದರ ಎಂಜಿನಿಯರುಗಳು 1970ರ ದಶಕದಲ್ಲಿ ಸೌರಫಲಕಗಳತ್ತ ತಿರುಗಿದರು. 1979ರಲ್ಲಿ ಟೆನ್ನಂಟ್ ಕ್ರೀಕ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ವರೆಗೆ ಬಿಸಿಲಿನಿಂದಲೇ ನಡೆಯುವ 13 ಮೈಕ್ರೋವೇವ್ ಮರುಪ್ರಸಾರ ಕೇಂದ್ರಗಳ ಸಾಲು ಎದ್ದಿತು. ಆ ಕಾಲದಲ್ಲಿ ಪ್ರಪಂಚದ ದೊಡ್ಡ ಸೌರಫಲಕ ಗ್ರಾಹಕರಲ್ಲಿ ಟೆಲಿಕಾಂ ಒಂದು. ಸಿಡ್ನಿಯಲ್ಲಿ ಸಣ್ಣಪುಟ್ಟ ತಯಾರಕರು ಹುಟ್ಟಿಕೊಂಡದ್ದು ಇಂಥ ಬೇಡಿಕೆಯ ಆಸರೆಯಲ್ಲಿ. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಲಾಭದ ಲೆಕ್ಕದಲ್ಲಿ ಯಾವ ಖಾಸಗಿ ಕಂಪನಿಯೂ ಅಷ್ಟು ದೂರದ ಮನೆಗೆ ತಂತಿ ಎಳೆಯುತ್ತಿರಲಿಲ್ಲ. ಸಾರ್ವಜನಿಕ ಹೊಣೆಯೊಂದು ಇದ್ದುದರಿಂದಲೇ ಮಾರುಕಟ್ಟೆ ಹುಟ್ಟಿತು.

ಇತ್ತ ಕೆನ್ಸಿಂಗ್ಟನ್ನಿನಲ್ಲಿ ಗ್ರೀನ್ ಅವರ ತಂಡ 1983ರಲ್ಲಿ ಶೇಕಡಾ 18 ದಕ್ಷತೆಯ ಸಿಲಿಕಾನ್ ಕೋಶ ಮಾಡಿ ವಿಶ್ವದಾಖಲೆ ಬರೆಯಿತು. 1985ರಲ್ಲಿ ಶೇಕಡಾ 20ರ ಗೆರೆ ದಾಟಿತು. ಸಿಲಿಕಾನಿನಲ್ಲಿ ಅದು ಆಗದ ಮಾತು ಎಂದು ಅನೇಕರು ಭಾವಿಸಿದ್ದ ಕಾಲ ಅದು. ಆ ಬಳಿಕ 1989ರಲ್ಲಿ ಆಂಡ್ರ್ಯೂ ಬ್ಲೇಕರ್ಸ್ ಮತ್ತು ಸಂಗಡಿಗರ ಹೆಸರಿನಲ್ಲಿ ಬಂದ ಪ್ರಬಂಧ 'ಪರ್ಕ್' ಎಂಬ ರಚನೆಯನ್ನು ಲೋಕಕ್ಕೆ ತಿಳಿಸಿತು. ವಿಷಯ ಸರಳ. ಅಲ್ಲಿಯವರೆಗೆ ಬಿಲ್ಲೆಯ ಬೆನ್ನಿಗೆ ಪೂರಾ ಅಲ್ಯೂಮಿನಿಯಂ ಮೆತ್ತುತ್ತಿದ್ದರು. ಬೆಳಕು ಬಿಡಿಸಿಕೊಟ್ಟ ಎಲೆಕ್ಟ್ರಾನುಗಳು ಆ ಲೋಹದ ಮೈ ತಾಗಿದಲ್ಲೆಲ್ಲ ಕೆಲಸಕ್ಕೆ ಬಾರದೆ ನಾಶವಾಗುತ್ತಿದ್ದವು. ಇವರು ನಡುವೆ ಒಂದು ನಿರೋಧಕ ಪದರ ಹರಡಿ, ಅದರಲ್ಲಿ ಅಲ್ಲಲ್ಲಿ ಸಣ್ಣ ರಂಧ್ರ ಬಿಟ್ಟು, ಅಲ್ಲಿ ಮಾತ್ರ ಲೋಹ ಸಿಲಿಕಾನನ್ನು ಮುಟ್ಟುವಂತೆ ಮಾಡಿದರು. ಸೋರಿಕೆ ಕಡಿಮೆಯಾಯಿತು, ಬಿಲ್ಲೆಯನ್ನು ದಾಟಿಹೋಗುತ್ತಿದ್ದ ಬೆಳಕು ಪದರಕ್ಕೆ ಬಡಿದು ಹಿಂದಿರುಗಿ ಮತ್ತೊಮ್ಮೆ ದುಡಿಯಿತು. ಈ ರಚನೆ ಕಾರ್ಖಾನೆಯ ಸಾಲಿಗೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಬಂದ ಮೇಲೆ ಪ್ರಪಂಚವನ್ನೇ ಆವರಿಸಿತು. 2023ರಲ್ಲಿ ಎಂಜಿನಿಯರಿಂಗಿನ ಕ್ವೀನ್ ಎಲಿಜಬೆತ್ ಪ್ರಶಸ್ತಿ ಗ್ರೀನ್, ಬ್ಲೇಕರ್ಸ್, ಐಹುವಾ ವಾಂಗ್ ಮತ್ತು ಜಿಯಾನ್‌ಹುವಾ ಝಾವೊ ಈ ನಾಲ್ವರಿಗೆ ಸಂದಿತು. ಹೆಸರುಗಳನ್ನು ಗಮನಿಸಿ. ನಾಲ್ವರಲ್ಲಿ ಇಬ್ಬರು ಚೀನಾದಿಂದ ಬಂದವರು.

ಈಗ ಕಾರ್ಖಾನೆಯ ಕಥೆ. ಸಿಡ್ನಿಯ ಹೋಂಬುಷ್ ಎಂದರೆ ನಮಗೆ ಸೋನಾಮಸೂರಿ ಅಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ಸಿಗುವ ಅಂಗಡಿಗಳ ಆಸುಪಾಸು. ಅದರ ಒಲಿಂಪಿಕ್ ಪಾರ್ಕಿನ ಬದಿಯಲ್ಲಿ ಬಿಪಿ ಸೋಲಾರ್ ಕಂಪನಿಯ ಕಾರ್ಖಾನೆ ಇತ್ತು. ಅದು ಕೋಶವನ್ನೇ ತಯಾರಿಸುತ್ತಿದ್ದ ಕಾರ್ಖಾನೆ. 2000ದ ಒಲಿಂಪಿಕ್ಸ್‌ಗಾಗಿ ಪಕ್ಕದ ನ್ಯೂವಿಂಗ್ಟನ್ನಿನಲ್ಲಿ ಕಟ್ಟಿದ ಕ್ರೀಡಾಗ್ರಾಮದ ನೂರಾರು ಮನೆಗಳ ಮೇಲೆ ಬಿಪಿ ಫಲಕಗಳು ಮಿನುಗಿದವು. ಒಂದು ಕ್ಷಣ ಎಲ್ಲವೂ ಕೂಡಿಬಂದಂತೆ ತೋರಿತ್ತು. ವಿಶ್ವವಿದ್ಯಾಲಯ ಅದೇ ವರ್ಷ ಸೌರಶಕ್ತಿಗೆ ಮೀಸಲಾದ ಪ್ರಪಂಚದ ಮೊದಲ ಎಂಜಿನಿಯರಿಂಗ್ ಪದವಿಯನ್ನೂ ಆರಂಭಿಸಿತು.

2008ರ ಕೊನೆಯಲ್ಲಿ ಬಿಪಿ ತನ್ನ ತೀರ್ಮಾನ ಪ್ರಕಟಿಸಿತು. 2009ರ ಮಾರ್ಚ್ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ಸುಮಾರು 200 ಮಂದಿ ಕೆಲಸ ಕಳೆದುಕೊಂಡರು. ಸೈಲೆಕ್ಸ್ ಎಂಬ ಸಿಡ್ನಿಯ ಕಂಪನಿ ಅದನ್ನು ಕೊಂಡು ಮತ್ತೆ ಚಾಲೂ ಮಾಡಿತು. 2011ರಲ್ಲಿ ಕೋಶದ ಸಾಲು ನಿಂತಿತು, ಕೆಲ ಕಾಲದಲ್ಲೇ ಫಲಕದ ಸಾಲೂ ನಿಂತಿತು. ಈ ದೇಶದಲ್ಲಿ ಕೋಶದ ತಯಾರಿಕೆ ಅಲ್ಲಿಗೆ ಮುಗಿಯಿತು.

ಚೀನಾದ ಅಗ್ಗದ ಸರಕು ಬಂದು ಹೊಡೆಯಿತು ಎಂಬುದು ಎಲ್ಲರೂ ಹೇಳುವ ಕಾರಣ. ಅದು ಸುಳ್ಳಲ್ಲ. ಆದರೆ ಅದೇ ವರ್ಷಗಳಲ್ಲಿ ಇಲ್ಲಿನ ಸರ್ಕಾರಗಳು ಏನು ಮಾಡುತ್ತಿದ್ದವು ಎಂದು ನೋಡಿ. 2007ರಲ್ಲಿ ಹೊವರ್ಡ್ ಸರ್ಕಾರ ಮನೆಗೆ 8,000 ಡಾಲರ್ ಸಹಾಯಧನ ಎಂದಿತು. 2008ರ ಮೇ ಬಜೆಟ್ಟಿನಲ್ಲಿ ರಡ್ ಸರ್ಕಾರ ಅದಕ್ಕೆ ವರಮಾನದ ಮಿತಿ ಹಾಕಿತು. 2009ರ ಜೂನಿನಲ್ಲಿ ಒಂದು ದಿನ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ನ್ಯೂ ಸೌತ್ ವೇಲ್ಸ್ 2010ರ ಜನವರಿಯಲ್ಲಿ ಯೂನಿಟ್ಟಿಗೆ 60 ಸೆಂಟ್ ಕೊಡುತ್ತೇನೆಂದು ಸಾರಿತು. ಅಕ್ಟೋಬರ್‌ನಲ್ಲಿ ಅದು 20 ಸೆಂಟ್‌ಗೆ ಇಳಿಯಿತು. ಮುಂದಿನ ವರ್ಷ ಬಾಗಿಲೇ ಮುಚ್ಚಿತು. ಒಂದು ದಿನ ನೆರೆ, ಮರುದಿನ ಬರ. ಯಾವ ಕಾರ್ಖಾನೆ ಇಂಥ ಹೊಳೆಯ ದಡದಲ್ಲಿ ಬೇರು ಬಿಟ್ಟೀತು? ಮತ್ತೊಂದು ಸಂಗತಿಯೂ ಇದೆ. ಈ ಸಹಾಯಧನಗಳಲ್ಲಿ ಯಾವುದೂ ಫಲಕ ಎಲ್ಲಿಯದು ಎಂದು ಕೇಳಲಿಲ್ಲ. ಮನೆಯ ಒಡೆಯನಿಗೆ ಹಣ ಕೊಟ್ಟರು. ಆತ ಅಗ್ಗವಾದುದನ್ನು ಕೊಂಡ. ಆತನದು ತಪ್ಪಲ್ಲ.

ಇದಕ್ಕೆ ಎದುರಾಗಿ ಇರಿಸಿ ನೋಡಬೇಕಾದದ್ದು ಝೆಂಗ್‌ರಾಂಗ್ ಶಿ ಅವರ ಕಥೆ. ಜಿಯಾಂಗ್ಸು ಪ್ರಾಂತ್ಯದ ಈ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಸಿಡ್ನಿಗೆ ಬಂದು, ಗ್ರೀನ್ ಅವರ ಬಳಿ 1992ರಲ್ಲಿ ಡಾಕ್ಟರೇಟ್ ಪಡೆದರು, ಆಸ್ಟ್ರೇಲಿಯದ ಪೌರರಾದರು, ಪೆಸಿಫಿಕ್ ಸೋಲಾರ್ ಎಂಬ ಸಂಸ್ಥೆಯಲ್ಲಿ ದುಡಿದರು. ಆ ಸಂಸ್ಥೆಯನ್ನು 1995ರಲ್ಲಿ ಕಟ್ಟಿದ್ದು ವಿಶ್ವವಿದ್ಯಾಲಯ ಹಾಗೂ ರಾಜ್ಯ ಸರ್ಕಾರದ ವಿದ್ಯುತ್ ಸಂಸ್ಥೆ ಪೆಸಿಫಿಕ್ ಪವರ್. ಗಾಜಿನ ಮೇಲೆ ಸಿಲಿಕಾನಿನ ತೆಳುಪದರ ಬೆಳೆಸುವುದು ಅದರ ಗುರಿ. ವಿದ್ಯುತ್ ಕ್ಷೇತ್ರದ 'ಸುಧಾರಣೆ'ಯಲ್ಲಿ ಪೆಸಿಫಿಕ್ ಪವರ್ ಕರಗಿಹೋಯಿತು. ಆ ತಂತ್ರಜ್ಞಾನ 2004ರಲ್ಲಿ ಜರ್ಮನಿಗೆ ಹೋಯಿತು. ಅಷ್ಟರಲ್ಲಿ ಶಿ ಅವರು ಊರಿಗೆ ಮರಳಿದ್ದರು. 2001ರಲ್ಲಿ ವೂಶಿ ನಗರದ ಆಡಳಿತ ತನ್ನ ಅಧೀನದ ಸಂಸ್ಥೆಗಳಿಂದ 60 ಲಕ್ಷ ಅಮೆರಿಕನ್ ಡಾಲರ್ ಬಂಡವಾಳ ಒದಗಿಸಿತು. ಸನ್‌ಟೆಕ್ ಹುಟ್ಟಿತು. ಮರುವರ್ಷ 10 ಮೆಗಾವಾಟಿನ ಮೊದಲ ಸಾಲು ಓಡಿತು. ಜರ್ಮನಿ 2000ದಲ್ಲಿ ನವೀಕರಣೀಯ ವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ಖಚಿತ ದರ ಕೊಡುವ ಕಾನೂನು ಮಾಡಿತ್ತು. 2004ರಲ್ಲಿ ಅದನ್ನು ಬಲಪಡಿಸಿತು. ವೂಶಿಯ ಕೋಶಗಳಿಗೆ ಅಲ್ಲಿ ಗಿರಾಕಿ ಸಿಕ್ಕರು. 2005ರ ಡಿಸೆಂಬರಿನಲ್ಲಿ ಸನ್‌ಟೆಕ್ ನ್ಯೂಯಾರ್ಕ್ ಷೇರುಪೇಟೆಯಲ್ಲಿತ್ತು.

60 ಲಕ್ಷ ಡಾಲರ್. ಇಂದು ಸಿಡ್ನಿಯ ಹಾರ್ಬರ್ ದಡದಲ್ಲಿ ಒಂದು ಬಂಗಲೆಗೂ ಸಾಲದ ಹಣ. ಅದನ್ನು ಕೊಡಲು ಒಂದು ಮಧ್ಯಮಗಾತ್ರದ ಚೀನೀ ನಗರಕ್ಕೆ ಮನಸ್ಸಿತ್ತು, ಇಲ್ಲಿನ ಯಾರಿಗೂ ಇರಲಿಲ್ಲ.

ಸೌರಕೋಶದ ಅರ್ಥಶಾಸ್ತ್ರದಲ್ಲಿ ಒಂದು ವಿಚಿತ್ರ ನಿಯಮವಿದೆ. ಪ್ರಪಂಚದ ಒಟ್ಟು ತಯಾರಿಕೆ ಇಮ್ಮಡಿಯಾದಾಗಲೆಲ್ಲ ಫಲಕದ ಬೆಲೆ ಸರಿಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತ ಬಂದಿದೆ. 1970ರ ದಶಕದಲ್ಲಿ ವಾಟ್ ಒಂದಕ್ಕೆ ಹತ್ತಾರು ಡಾಲರ್ ಇದ್ದದ್ದು ಇಂದು ಡಾಲರಿನ ಕಾಲುಭಾಗವೂ ಇಲ್ಲ. ಅಂದರೆ ಕೈ ಪಳಗಿದಷ್ಟೂ ಅಗ್ಗ, ಅಗ್ಗವಾದಷ್ಟೂ ಬೇಡಿಕೆ, ಬೇಡಿಕೆ ಹೆಚ್ಚಿದಷ್ಟೂ ಕೈ ಮತ್ತಷ್ಟು ಪಳಗುತ್ತದೆ. ಈ ಚಕ್ರಕ್ಕೆ ಮೊದಲ ನೂಕು ಕೊಡುವವರು ನಷ್ಟವನ್ನು ಕೆಲ ವರ್ಷ ತಾಳಿಕೊಳ್ಳಬೇಕು. ಆ ತಾಳ್ಮೆ ಖಾಸಗಿ ಬಂಡವಾಳದ ಗುಣವಲ್ಲ. ಬಿಪಿಯಂಥ ತೈಲ ದೈತ್ಯನೂ 2011ರ ಕೊನೆಗೆ ಸೋಲಾರ್ ವ್ಯವಹಾರವನ್ನೇ ಪೂರ್ತಿ ಕೈಬಿಟ್ಟಿತು. ತಾಳಿಕೊಂಡದ್ದು ವೂಶಿಯ ನಗರಸಭೆ, ಜರ್ಮನಿಯ ವಿದ್ಯುತ್ ಗ್ರಾಹಕರು, ಅದಕ್ಕೂ ಹಿಂದೆ ನಮ್ಮ ಟೆಲಿಕಾಂ. ಕೊನೆಗೆ ಸನ್‌ಟೆಕ್ ಕೂಡ ಸಾಲದ ಹೊರೆಯಲ್ಲಿ ಕುಸಿದು, 2013ರ ಮಾರ್ಚಿನಲ್ಲಿ ಅದರ ವೂಶಿ ಘಟಕ ದಿವಾಳಿಯಾಯಿತು. ಆದರೆ ಅಷ್ಟರಲ್ಲಿ ಉದ್ಯಮ ಬೇರೂರಿತ್ತು. ಕಂಪನಿ ಸತ್ತರೂ ಪಳಗಿದ ಕೈಗಳು, ಯಂತ್ರ ತಯಾರಕರು, ಗಾಜಿನ ಕುಲುಮೆಗಳು ಅಲ್ಲೇ ಉಳಿದವು. ಇಂದು ಸರಪಳಿಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇಕಡಾ 80ಕ್ಕೂ ಹೆಚ್ಚು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. 'ನಾವು ಕಲಿಸಿದೆವು, ಅವರು ಕದ್ದೊಯ್ದರು' ಎಂಬ ದೂರನ್ನು ಈ ದೇಶದ ಹರಟೆಯಲ್ಲಿ ಆಗಾಗ ಕೇಳುತ್ತೇವೆ. ಬೇಸರದ ಸಂಗತಿಯೆಂದರೆ ನಮ್ಮವರ ಬಾಯಲ್ಲೂ, ವಾಟ್ಸಾಪ್ ಗುಂಪುಗಳಲ್ಲೂ ಇದು ಸಲೀಸಾಗಿ ಓಡಾಡುತ್ತದೆ. ಕದ್ದದ್ದು ಏನನ್ನು? ಪರ್ಕ್ ಪ್ರಬಂಧ ಎಲ್ಲರೂ ಓದಬಹುದಾದ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ದಾಖಲೆ ಬರೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ರಾತ್ರಿ ಹಗಲು ತಯಾರಿಸಿದವರಲ್ಲೇ ವಾಂಗ್, ಝಾವೊ ಅವರಂಥ ವಲಸಿಗರಿದ್ದರು. ಗ್ರೀನ್ ಅವರ ನಿಕಟ ಸಹೋದ್ಯೋಗಿ ಸ್ಟೂಅರ್ಟ್ ವೆನಮ್ ಸ್ವತಃ ಸನ್‌ಟೆಕ್‌ನ ತಾಂತ್ರಿಕ ಮುಖ್ಯಸ್ಥರಾಗಿದ್ದರು. ಅರಿವು ಎರಡೂ ದಿಕ್ಕಿಗೆ ಹರಿಯಿತು. 2025ರ ಆಗಸ್ಟ್ 31ರಂದು ಸಿಡ್ನಿ, ಮೆಲ್ಬರ್ನ್ ಬೀದಿಗಳಲ್ಲಿ ವಲಸೆ ವಿರೋಧಿ ಮೆರವಣಿಗೆಗಳು ಹೊರಟವು. ಅದರ ಕರಪತ್ರಗಳು ಭಾರತೀಯರನ್ನು ಹೆಸರಿಟ್ಟು ತೋರಿಸಿದವು. ಅಂದು ನಮ್ಮ ಎದೆ ನಡುಗಿತು. ನೆರೆಯ ಚೀನೀ ವಿದ್ಯಾರ್ಥಿಯನ್ನು ಕಳ್ಳನೆಂದು ಕರೆಯುವ ನಾಲಿಗೆಗೂ ನಮ್ಮನ್ನು ಹೊರೆಯೆಂದು ಕರೆಯುವ ನಾಲಿಗೆಗೂ ಬೇರು ಒಂದೇ.

ಹಾಗೆಂದು ಚೀನಾದ ಉದ್ಯಮಕ್ಕೆ ಆರತಿ ಎತ್ತಬೇಕಿಲ್ಲ. ಷಿನ್‌ಜಿಯಾಂಗ್ ಪ್ರಾಂತ್ಯದ ಅಗ್ಗದ ಕಲ್ಲಿದ್ದಲು ವಿದ್ಯುತ್ತಿನಲ್ಲಿ ಪಾಲಿಸಿಲಿಕಾನ್ ತಯಾರಾಗುತ್ತದೆ. ಅಲ್ಲಿನ ಉಯ್ಗುರ್ ಜನರನ್ನು ಬಲವಂತದ ದುಡಿಮೆಗೆ ಹಚ್ಚಿರುವ ಬಗ್ಗೆ ಗಂಭೀರ ವರದಿಗಳಿವೆ. ಅಮೆರಿಕ 2021ರಲ್ಲಿ ಆ ಪ್ರಾಂತ್ಯದ ಸರಕಿನ ಆಮದು ತಡೆಯುವ ಕಾನೂನನ್ನೇ ಮಾಡಿತು. ಆಸ್ಟ್ರೇಲಿಯದ 2018ರ ಆಧುನಿಕ ಗುಲಾಮಗಿರಿ ಕಾಯಿದೆ ದೊಡ್ಡ ಕಂಪನಿಗಳಿಂದ ವರದಿ ಕೇಳುತ್ತದೆ, ಅಷ್ಟೆ, ಆಮದನ್ನು ತಡೆಯುವುದಿಲ್ಲ. ನಮ್ಮ ಚಾವಣಿಯ ಹಸಿರು ವಿದ್ಯುತ್ತಿನೊಳಗೆ ಯಾರ ಬೆವರಿದೆ ಎಂಬ ಪ್ರಶ್ನೆ ಪ್ರಗತಿಪರರಾದ ನಮಗೆ ಮುಜುಗರದ್ದು. ಅದನ್ನು ಬಲಪಂಥೀಯರ ಚೀನಾದ್ವೇಷಕ್ಕೆ ಬಿಟ್ಟುಕೊಡುವುದು ಮಾತ್ರ ಸಲ್ಲದು.

ಮೆಲ್ಬರ್ನಿನ ಗೆಳೆಯರು ತಮ್ಮ ನಗರದ ಕಥೆ ಎಲ್ಲಿ ಎಂದು ಕೇಳಿದ್ದರು. ಅಲ್ಲಿ ಸೋಲಾರ್ ಸಿಸ್ಟಮ್ಸ್ ಎಂಬ ಕಂಪನಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಪುಟ್ಟ ಕೋಶಗಳ ಮೇಲೆ ಬೀಳಿಸುವ ವಿಧಾನ ರೂಪಿಸಿತ್ತು. 2006ರಲ್ಲಿ ಮಿಲ್ಡುರಾ ಬಳಿ 154 ಮೆಗಾವಾಟ್ ಸ್ಥಾವರ ಘೋಷಣೆಯಾಯಿತು, ಕೇಂದ್ರ 7.5 ಕೋಟಿ, ವಿಕ್ಟೋರಿಯ 5 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟವು. 2009ರಲ್ಲಿ ಕಂಪನಿ ಮುಗ್ಗರಿಸಿತು. ಸೈಲೆಕ್ಸ್ ಅದನ್ನೂ ಕೊಂಡಿತು. ಒಂದೂವರೆ ಮೆಗಾವಾಟಿನ ಮಾದರಿ ಕಟ್ಟಿ 2014ರಲ್ಲಿ ಕೈಚೆಲ್ಲಿತು. ಇದು ಬೇರೆ ಬಗೆಯ ಪಾಠ. ಒಂದೇ ದೊಡ್ಡ ಪ್ರದರ್ಶನದ ಮೇಲೆ ಬಾಜಿ ಕಟ್ಟಿ, ಸುತ್ತ ಪುಟ್ಟ ಪುಟ್ಟ ಬೇಡಿಕೆಗಳ ಜಾಲ ಇಲ್ಲದಿದ್ದರೆ ಹೀಗಾಗುತ್ತದೆ. ಕ್ಲೇಟನ್ನಿನಲ್ಲಿ ಸಿಎಸ್‌ಐಆರ್‌ಒ ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಕೋಶಗಳನ್ನು ಪತ್ರಿಕೆ ಅಚ್ಚುಹಾಕುವಂತೆ ಮುದ್ರಿಸುವ ಪ್ರಯೋಗ ನಡೆಸಿದೆ. ಪ್ರಯೋಗ ಸೊಗಸಾಗಿದೆ. ಅದನ್ನು ಕೊಳ್ಳುವವರು ಯಾರು ಎಂಬ ಹಳೆಯ ಪ್ರಶ್ನೆ ಅಲ್ಲಿಯೂ ಕಾಯುತ್ತಿದೆ.

ಬಿಪಿಯ ಹೆಸರು ಕೇಳಿದಾಗ ಬೆಂಗಳೂರಿನ ಗೆಳೆಯರಿಗೆ ಬೇರೊಂದು ನೆನಪು ಬಂದಿರಬೇಕು. 1989ರಲ್ಲಿ ಟಾಟಾ ಮತ್ತು ಬಿಪಿ ಸೇರಿ ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಆರಂಭಿಸಿದವು. ಹೋಂಬುಷ್ ಮುಚ್ಚಿದಾಗಲೂ ಬೆಂಗಳೂರಿನ ಸಾಲು ಓಡುತ್ತಿತ್ತು. ಬಿಪಿ ಹೊರನಡೆದಾಗ ಟಾಟಾ ಅದರ ಪಾಲನ್ನು ಕೊಂಡಿತು. ಟಾಟಾ ಪವರ್ ಸೋಲಾರ್ ಆಗಿ ಕಂಪನಿ ಉಳಿಯಿತು. ಒಂದೇ ಯಜಮಾನನ ಎರಡು ಕಾರ್ಖಾನೆಗಳ ಹಣೆಬರಹ ಹೀಗೆ ಬೇರೆಯಾಯಿತು. ಮೈಸೂರು ಸಂಸ್ಥಾನದ ಕಾಲದಿಂದ ಸರ್ಕಾರವೇ ಮುಂದೆ ನಿಂತು ಉದ್ಯಮ ಕಟ್ಟಿದ ಪರಂಪರೆ ನಮ್ಮಲ್ಲಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದದ್ದೂ ಖಚಿತ ಗಿರಾಕಿಯೊಬ್ಬನ ಭರವಸೆಯಿಂದಲೇ. ಆ ಗಿರಾಕಿ ಬ್ರಿಟಿಷ್ ಗಣಿ ಕಂಪನಿಯಾಗಿತ್ತು, ಗಣಿಯೊಳಗೆ ಸಾಯುತ್ತಿದ್ದವರು ದಲಿತ ಕಾರ್ಮಿಕರಾಗಿದ್ದರು ಎಂಬುದನ್ನೂ ಮರೆಯಬಾರದು.

ಭಾರತ 2010ರಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಆರಂಭಿಸಿ, ಕೆಲವು ಯೋಜನೆಗಳಿಗೆ ದೇಶದಲ್ಲೇ ತಯಾರಾದ ಕೋಶ ಬಳಸಬೇಕೆಂದು ಷರತ್ತು ಹಾಕಿತು. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ತಟ್ಟಿತು. 2016ರಲ್ಲಿ ಭಾರತ ಸೋತಿತು. ಆರು ವರ್ಷದ ಬಳಿಕ ಅದೇ ಅಮೆರಿಕ ತನ್ನ ಹಣದುಬ್ಬರ ಇಳಿಕೆ ಕಾಯಿದೆಯಲ್ಲಿ ಸ್ವದೇಶಿ ಸರಕಿಗೆ ಹೆಚ್ಚುವರಿ ರಿಯಾಯಿತಿ ಬರೆದುಕೊಂಡಿತು. ದೊಡ್ಡವರಿಗೊಂದು ನ್ಯಾಯ! ಭಾರತ ಬೇರೆ ದಾರಿ ಹಿಡಿಯಿತು. 2022ರ ಏಪ್ರಿಲಿನಲ್ಲಿ ಫಲಕಕ್ಕೆ ಶೇಕಡಾ 40, ಕೋಶಕ್ಕೆ ಶೇಕಡಾ 25 ಆಮದು ಸುಂಕ ಹಾಕಿತು. ಜೊತೆಗೆ ಎರಡು ಕಂತುಗಳಲ್ಲಿ 24,000 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹಧನ. ಫಲಕ ಜೋಡಿಸುವ ಸಾಮರ್ಥ್ಯ 2025ರಲ್ಲಿ 100 ಗಿಗಾವಾಟ್ ದಾಟಿತು; ಕೋಶದ ಸಾಮರ್ಥ್ಯ ಅದಕ್ಕಿಂತ ಬಹಳ ಹಿಂದಿದೆ. ಪ್ರೋತ್ಸಾಹಧನದ ಮೊದಲ ಕಂತಿನ ದೊಡ್ಡ ಪಾಲು ಹೋದದ್ದು ರಿಲಯನ್ಸ್, ಅದಾನಿಯಂಥ ಮನೆತನಗಳಿಗೆ. ಹಣ ಜನರದು, ಸುಂಕದ ಭಾರವೂ ಜನರದು. ಕಾರ್ಖಾನೆಯ ಒಡೆತನದಲ್ಲಾಗಲಿ ಅರಿವಿನಲ್ಲಾಗಲಿ ಜನರಿಗೆ ಪಾಲಿಲ್ಲ. ಪಾವಗಡದ ಬಿಸಿಲಿನಲ್ಲಿ 13,000 ಎಕರೆ ಹರಡಿಕೊಂಡ 2,050 ಮೆಗಾವಾಟಿನ ಸೌರ ಪಾರ್ಕಿನಲ್ಲೂ ನಾವು ಇದನ್ನೇ ಕಂಡೆವು. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಬೇಲಿ ಬಂತು.

ಅಂತರರಾಷ್ಟ್ರೀಯವಾದಿ ಗೆಳೆಯರೊಬ್ಬರು ಇಲ್ಲಿ ಅಡ್ಡಪ್ರಶ್ನೆ ಹಾಕುತ್ತಾರೆ, ಹಾಕಲೇಬೇಕು. ಚೀನಾದ ಅಗ್ಗದ ಫಲಕಗಳು ಬಡ ದೇಶಗಳಿಗೆ ವರವಲ್ಲವೇ? ಪಾಕಿಸ್ತಾನದ ಜನ 2024ರ ಒಂದೇ ವರ್ಷದಲ್ಲಿ ಸುಮಾರು 17 ಗಿಗಾವಾಟ್ ಫಲಕ ತರಿಸಿಕೊಂಡು, ಸರ್ಕಾರದ ಯೋಜನೆಗಾಗಿ ಕಾಯದೆ, ತಮ್ಮ ಚಾವಣಿ ಮತ್ತು ಕೊಳವೆಬಾವಿಗಳಿಗೆ ಬೆಳಕು ಕೊಟ್ಟುಕೊಂಡರು. ಸುಂಕದ ಗೋಡೆ ಕಟ್ಟಿದ್ದರೆ ಇದು ಆಗುತ್ತಿತ್ತೇ? ಭೂಮಿ ಕಾಯುತ್ತಿರುವಾಗ ರಾಷ್ಟ್ರಾಭಿಮಾನಕ್ಕಾಗಿ ದುಬಾರಿ ಫಲಕ ಕೊಳ್ಳುವುದು ಯಾವ ಪ್ರಗತಿಪರತೆ?

ಈ ಪ್ರಶ್ನೆಗೆ ನನ್ನ ಬಳಿ ಅರ್ಧ ಒಪ್ಪಿಗೆ ಇದೆ. ಸುಂಕದ ಗೋಡೆಯನ್ನು ನಾನು ಬೆಂಬಲಿಸಲಾರೆ; ಅದರ ಬೆಲೆ ತೆರುವವನು ಕೊನೆಗೆ ಪಂಪ್‌ಸೆಟ್ಟಿನ ರೈತ, ಬಾಡಿಗೆ ಮನೆಯವನು. ಆದರೆ ಪ್ರಪಂಚದ ಬಿಸಿಲಿನ ಕೀಲಿಕೈ ಒಂದೇ ದೇಶದ, ಅದರಲ್ಲೂ ಕಾರ್ಮಿಕರಿಗೆ ಸ್ವತಂತ್ರ ಸಂಘ ಕಟ್ಟುವ ಹಕ್ಕಿಲ್ಲದ ದೇಶದ, ಕೈಯಲ್ಲಿರುವುದನ್ನೂ ಒಪ್ಪಲಾರೆ. ಹೇಝಲ್‌ವುಡ್ ಸ್ಥಾವರ 2017ರಲ್ಲಿ ಮುಚ್ಚಿದಾಗ ಲಾಟ್ರೋಬ್ ಕಣಿವೆಯ ಕುಟುಂಬಗಳು ಕೇಳಿದ್ದು 'ನಮಗೇನು ಕೆಲಸ' ಎಂಬ ಪ್ರಶ್ನೆ. ಅಗ್ಗದ ಫಲಕ ಅದಕ್ಕೆ ಉತ್ತರವಲ್ಲ. ಗೋಡೆಗೂ ಬಯಲಿಗೂ ನಡುವೆ ಮೂರನೆಯ ದಾರಿಯೊಂದು ಈ ದೇಶದ ಚರಿತ್ರೆಯಲ್ಲೇ ಇದೆ. ಟೆಲಿಕಾಂ ಮಾಡಿದಂತೆ ಸಾರ್ವಜನಿಕ ಸಂಸ್ಥೆಗಳೇ ದೀರ್ಘಕಾಲದ ಗಿರಾಕಿಗಳಾಗುವುದು.

ಇದು ಕನಸಿನ ಮಾತಲ್ಲ. ಈ ದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಚಾವಣಿಗಳ ಮೇಲೆ ಫಲಕಗಳಿವೆ. ಅವುಗಳಲ್ಲಿ ಬಹುಪಾಲು ಸ್ವಂತ ಮನೆಯವರವು. ಬಾಡಿಗೆಯವರು, ಅಪಾರ್ಟ್‌ಮೆಂಟಿನವರು, ಸರ್ಕಾರಿ ವಸತಿಯವರು ಹೊರಗುಳಿದಿದ್ದಾರೆ. ವೆಂಟ್‌ವರ್ತ್‌ವಿಲ್‌ನ ಎರಡು ಕೋಣೆಯಲ್ಲಿ ಐದು ಜನ ಇರುವ ನಮ್ಮ ವಿದ್ಯಾರ್ಥಿಗಳೂ ಅವರಲ್ಲಿ ಸೇರಿದ್ದಾರೆ. ಸರ್ಕಾರಿ ಶಾಲೆ, ಆಸ್ಪತ್ರೆ, ವಸತಿ ಸಮುಚ್ಚಯಗಳ ಚಾವಣಿಗಳಿಗೆ ಹತ್ತು ವರ್ಷಗಳ ಖಚಿತ ಖರೀದಿ ಯೋಜನೆ ಮಾಡಿ, ಅದರ ಒಂದು ಪಾಲನ್ನು ಇಲ್ಲಿ ತಯಾರಾದ ಕೋಶಕ್ಕೆ ಮೀಸಲಿಟ್ಟರೆ, ಮನೆಯ ಒಡೆಯ ಅಗ್ಗದ ಫಲಕ ಕೊಳ್ಳುವುದಕ್ಕೂ ಅಡ್ಡಿಯಿಲ್ಲ, ಕಾರ್ಖಾನೆಗೆ ಹೊಳೆಯೂ ಬತ್ತುವುದಿಲ್ಲ. 1990ರ ದಶಕದಲ್ಲಿ ಮಾರಿಬಿಟ್ಟಿದ್ದ ರಾಜ್ಯ ವಿದ್ಯುತ್ ಆಯೋಗವನ್ನು ವಿಕ್ಟೋರಿಯ ಸರ್ಕಾರ ಈಗ ಮತ್ತೆ ಜೀವ ಕೊಟ್ಟು ನಿಲ್ಲಿಸಿದೆ. ಅಂಥ ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೇನಿದೆ?

ಕೋಶ ಮಾಡಬಲ್ಲವರು ಇಲ್ಲಿ ಉಳಿದಿದ್ದಾರೆಯೇ? ಇದ್ದಾರೆ. ಅದೇ ವಿಶ್ವವಿದ್ಯಾಲಯದಿಂದ ಹೊರಬಂದ ವಿನ್ಸ್ ಆಲೆನ್ ಮತ್ತು ಡೇವಿಡ್ ಹು 2015ರಲ್ಲಿ ಸನ್‌ಡ್ರೈವ್ ಆರಂಭಿಸಿದರು. ಬೆಳ್ಳಿಯ ಗೆರೆಗಳ ಬದಲಿಗೆ ತಾಮ್ರದ ಗೆರೆ ಎಳೆಯುವುದು ಅವರ ವಿಧಾನ. 2022ರಲ್ಲಿ ಅಂಥ ಕೋಶ ಶೇಕಡಾ 26.41 ದಕ್ಷತೆ ತೋರಿತು. ಈ ಉದ್ಯಮ ಪ್ರಪಂಚದ ಬೆಳ್ಳಿಯನ್ನು ನುಂಗುತ್ತಿರುವ ವೇಗ ಕಂಡವರಿಗೆ ಇದರ ಮಹತ್ವ ಗೊತ್ತು. ಸನ್‌ಶಾಟ್ ಹಣದಲ್ಲಿ 3.45 ಕೋಟಿ ಡಾಲರ್ 2025ರಲ್ಲಿ ಟಿಂಡೊಗೆ ಮಂಜೂರಾಯಿತು. ಅದು ಫಲಕದ ಸಾಲು ದೊಡ್ಡದು ಮಾಡಲು. ಪ್ರಪಂಚ ವರ್ಷಕ್ಕೆ 500 ಗಿಗಾವಾಟ್‌ಗೂ ಹೆಚ್ಚು ಫಲಕ ತಯಾರಿಸುತ್ತಿರುವಾಗ ಇದು ಅಳಿಲು ಸೇವೆ. ಆದರೆ ಗಾತ್ರಕ್ಕಿಂತ ನನ್ನನ್ನು ಕಾಡುವುದು ಷರತ್ತುಗಳ ಮಾತು. ಈ ಹಣಕ್ಕೆ ಬದಲಾಗಿ ಸಾರ್ವಜನಿಕರಿಗೆ ಷೇರಿನ ಪಾಲು ಸಿಗುತ್ತದೆಯೇ? ಕಾರ್ಖಾನೆ ಮಾರಿ ಹೋದರೆ ಹಣ ಹಿಂದಿರುಗುತ್ತದೆಯೇ? ಕಲ್ಲಿದ್ದಲು ಕಣಿವೆಯ ಕಾರ್ಮಿಕನಿಗೂ, ಚಾವಣಿ ಏರಿ ದಿನಗೂಲಿಯಲ್ಲಿ ಫಲಕ ಕೂರಿಸುವ ಪಂಜಾಬಿ, ನೇಪಾಳಿ ಹುಡುಗರಿಗೂ ಸಂಘದ ರಕ್ಷಣೆಯ ಕೆಲಸ ಖಚಿತವೇ? ಬಿಲ್ಲೆ ಎಲ್ಲಿಂದ ಬಂತು ಎಂಬ ಲೆಕ್ಕ ಬಹಿರಂಗವಾಗುತ್ತದೆಯೇ? ವಿಕ್ಟೋರಿಯ 2019ರ ಜುಲೈ 1ರಿಂದ ಹಳೆಯ ಫಲಕಗಳನ್ನು ಕಸದ ಗುಂಡಿಗೆ ಸುರಿಯುವುದನ್ನು ನಿಷೇಧಿಸಿದೆ. ಅವುಗಳಿಂದ ಬೆಳ್ಳಿ, ಸಿಲಿಕಾನ್ ಮರಳಿ ತೆಗೆಯುವ ಹೊಣೆ ತಯಾರಕನದ್ದೋ, ಮುಂದಿನ ಪೀಳಿಗೆಯದ್ದೋ?

ನಮ್ಮಲ್ಲಿ ಕೆಲವರು ಕೌನ್ಸಿಲ್‌ಗಳಲ್ಲಿ, ಶಾಲಾ ಇಲಾಖೆಯಲ್ಲಿ, ಆಸ್ಪತ್ರೆಗಳ ಖರೀದಿ ವಿಭಾಗಗಳಲ್ಲಿ ಕೆಲಸ ಮಾಡುತ್ತೀರಿ. ಮುಂದಿನ ಬಾರಿ ಸೋಲಾರ್ ಟೆಂಡರ್ ಮೇಜಿನ ಮೇಲೆ ಬಂದಾಗ, ಫಲಕವನ್ನು ಎಲ್ಲಿ ಜೋಡಿಸಿದರು ಎಂಬ ಕಾಲಮ್ಮಿನ ಕೆಳಗೆ ಕೋಶ ಎಲ್ಲಿಯದು, ಬಿಲ್ಲೆ ಎಲ್ಲಿಯದು ಎಂದು ಕೇಳುವ ಇನ್ನೆರಡು ಕಾಲಮ್ಮುಗಳಿವೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಏನು ಮಾಡಬೇಕು ಎಂಬುದನ್ನು ಚಹಾ ಕುಡಿಯುತ್ತ ಮಾತನಾಡೋಣ. ಈಗ ನಿಮ್ಮ ಪ್ರಶ್ನೆಗಳು.